ಚಪ್ಪಲಿ ಗೂಡಾದ ಹೊಸ್ತಿಲು

ಹಳೆಯ ಸಾಮಾನನ್ನು ಎಸೆಯುವ ಮುನ್ನ ಒಮ್ಮೆ ತಿರುಗಿಸಿ ನೋಡುವ ಚಟ ನನಗೆ ಮೊದಲಿನಿಂದಲೂ ಇದೆ. ತಿರುಗಿಸಿ ನೋಡಿದ ಮೇಲೆ ಎಸೆದ ಉದಾಹರಣೆ ಮಾತ್ರ ಇಲ್ಲ. ಆದ್ದರಿಂದ ಹಲಸೂರಿನ ನಮ್ಮ ಫ್ಲ್ಯಾಟಿನ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ, ಹೊಸದೇನನ್ನೂ ಕೊಳ್ಳದೆ ಇದ್ದುದರಲ್ಲೇ ಎಲ್ಲವನ್ನೂ ಸೃಷ್ಟಿಸುತ್ತೇನೆಂದು ಪರಿಸರದ ಹೆಸರಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ. ಕಿಟಕಿಯ ಹಳೆಯ ಗ್ರಿಲ್ಲು ತಟ್ಟೆ ಒಣಗಿಸುವ ಸ್ಟ್ಯಾಂಡಾಯಿತು, ಬೀರುವಿನ ಬಾಗಿಲು ಊಟದ ಮೇಜಾಯಿತು. ಅದರ ಬೀಗದ ತೂತಿನಿಂದ ಸಾರು ನನ್ನ ಪಂಚೆಯ ಮೇಲೆಯೇ ಸೋರಿದಾಗ ನನ್ನ ಹೆಂಡತಿ ವಿಮಲ ಮನಸಾರೆ ನಕ್ಕಳು.

ಯಶಸ್ಸು ತಲೆಗೇರಿತು ನೋಡಿ. ವಿಮಲ ಕೆ.ಆರ್. ಪುರದ ತಂಗಿಯ ಮನೆಗೆ ಹೋಗಿದ್ದ ದಿನ ನನ್ನ ಕಣ್ಣು ಮುಂಬಾಗಿಲ ಹೊಸ್ತಿಲ ಮೇಲೆ ಬಿತ್ತು. ಗಟ್ಟಿ ಹೊನ್ನೆ ಮರ. ಕಾಲೆಡವುವುದರ ಹೊರತು ಅದರಿಂದ ಬೇರೇನು ಪ್ರಯೋಜನ? ತುಂಡರಿಸಿದರೆ ಎರಡಂತಸ್ತಿನ ಚಪ್ಪಲಿ ಗೂಡು! ರಿಪೇರಿಗೆಂದು ನಂಬಿ ಅದನ್ನು ಕಿತ್ತುಕೊಟ್ಟಿದ್ದ ಯಾದಗಿರಿ ಕಡೆಯ ಬಡಗಿ ಶರಣಪ್ಪ, ನನ್ನ ಯೋಜನೆ ಕೇಳಿ ಗರಗಸವನ್ನೇ ಕೆಳಗಿಟ್ಟ.

“ಹೊಸ್ತಿಲಾ ತುಳ್ಯಂಗಿಲ್ರೀ ಸರ. ಅದರ ಮ್ಯಾಲ ಚಪ್ಪಲಿ ಇಡೂದಂದ್ರ? ನಾ ಕೊಯ್ಯಂಗಿಲ್ಲ.”

ನಾನೇ ಕೊಯ್ದೆ, ಸೊಟ್ಟಗೆ.

ಸಂಜೆ ಬಂದ ವಿಮಲ ಬಾಗಿಲಲ್ಲೇ ನಿಂತಳು. “ಹೊಸ್ತಿಲು ಎಲ್ರೀ?” ನಾನು ಹೆಮ್ಮೆಯಿಂದ ನನ್ನ ಚಪ್ಪಲಿಗಳ ಕಡೆ ಕೈ ತೋರಿಸಿದೆ.

“ಇಪ್ಪತ್ತು ವರ್ಷದಿಂದ ದಿನಾ ಅದಕ್ಕೆ ಅರಿಶಿನ ಕುಂಕುಮ ಹಚ್ತಿದ್ದೀನಿ. ಒಂದಿನಾನೂ ನೋಡ್ಲಿಲ್ವಾ ನೀವು?”

ಪೇಪರು ಓದುತ್ತಾ ದಾಟಿದ್ದೆನೇ ಹೊರತು, ನೋಡಿರಲಿಲ್ಲ. ದಿನವೂ ಬಳಕೆಯಲ್ಲಿದ್ದುದನ್ನೇ ಮರುಬಳಕೆಗೆ ಎಳೆದು ತಂದ ಮಹಾನುಭಾವ ನಾನು. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಎದುರಿಗೇ ಕೂತಿದ್ದರೂ, “ಶರಣಪ್ಪ, ಕಾಫಿ ಆರ್ತಿದೆ ಅಂತ ಅವರಿಗೆ ಹೇಳಪ್ಪ” ಎನ್ನುವಳು. “ಸರ, ಕಾಫಿ ಆರ್ಲಕತ್ತದಂತ್ರಿ” ಎಂದು ಅವನು ಗಂಭೀರವಾಗಿ ಅನುವಾದಿಸುವನು. ನಗು ಬರುತ್ತಿತ್ತು, ಆದರೆ ಒಳಗೊಳಗೇ ಹೆದರಿಹೋಗಿದ್ದೆ.

ಐದನೆಯ ದಿನ ಶರಣಪ್ಪ ತುಂಡುಗಳನ್ನು ಕೂಡಿಸಿ, ಹೊಸ್ತಿಲನ್ನು ಸ್ವಸ್ಥಾನದಲ್ಲಿ ಕೂರಿಸಿ, ಸಾಮಾನು ಕಟ್ಟತೊಡಗಿದ. ನಾನು ಅವನ ಚೀಲಕ್ಕೆ ಅಡ್ಡ ನಿಂತೆ.

“ಪಾಲಿಶ್ ಇದೆ ಕಣಯ್ಯಾ, ಇನ್ನೆರಡು ದಿನ ಬಾ.”

“ಕೆಲ್ಸ ಮುಗೀತ್ರಿ ಸರ. ಇನ್ನ ನೀವೇ ಮಾತಾಡ್ರಿ” ಎಂದವನೇ ರಾಮಮೂರ್ತಿ ನಗರದ ಬಸ್ಸು ಹಿಡಿಯಲು ಹೊರಟುಹೋದ.

ಮರುದಿನ ಬೆಳಗ್ಗೆ ಅವಳಿಗಿಂತ ಮೊದಲೇ ಎದ್ದು, ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ನಾನು ಮಾಡಿದ್ದ ಸೊಟ್ಟ ಗಾಯ ಮುಚ್ಚಲೆಂದು ಅರಿಶಿನವನ್ನು ಧಾರಾಳವಾಗಿ ಬಳಿಯತೊಡಗಿದೆ.

“ಅಷ್ಟೊಂದು ಸುರೀಬೇಡ್ರೀ, ಹುಳಿಗೂ ಒಂಚೂರು ಉಳಿಸಿ.”

ನಾನು ಹಿಂತಿರುಗಿ ನೋಡಲಿಲ್ಲ. ಅವಳು ಇನ್ನಷ್ಟು ಬೈಯಲೆಂದು ಇನ್ನೊಂದು ಹಿಡಿ ಸುರಿದೆ.