ಬೆಂಕಿಕಡ್ಡಿ ಅಳತೆಯ ಮನೆ

ಆ ಮನೆಯ ನಕ್ಷೆಯನ್ನು ನನ್ನ ಹೆಂಡತಿ ಬರೆದದ್ದು ಹಿಮಾಯತ್‌ನಗರದ ಬಟ್ಟೆ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ. ಮನೆಯಲ್ಲಿ ಸ್ಕೇಲು ಇರಲಿಲ್ಲ. ಬೆಂಕಿಕಡ್ಡಿಗಳನ್ನು ಸಾಲಾಗಿ ಇಟ್ಟು ಅಳತೆ ಹಿಡಿದಿದ್ದಳು. ಒಂದು ಕಡ್ಡಿ ಅಂದರೆ ಆರಡಿ.

“ಆರಡಿನ ಯಾಕ?” ಎಂದು ಕೇಳಿದೆ.

“ನೀವು ಮಲಕೊಂಡ್ರ ಆರಡಿ ಆಗ್ತೀರಿ. ಬರೇ ಫೂಟು ಅಂದ್ರ ನನಗ ಕಣ್ಣಿಗೆ ಕಟ್ಟಂಗಿಲ್ಲರಿ. ನೀವು ಮಲಕೊಂಡಷ್ಟು ಅಂದ್ರ ಕಾಣತೈತಿ” ಎಂದು ನಕ್ಕಳು.

ಐದು ಕಡ್ಡಿ ಅಗಲ, ಏಳೂವರೆ ಕಡ್ಡಿ ಉದ್ದ. ಮದುವೆಗೆ ಮೊದಲೇ ನಾನು ಲಿಂಗಂಪಲ್ಲಿಯ ಆಚೆ ಕೊಂಡು ಹಾಗೇ ಬಿಟ್ಟಿದ್ದ ನೂರೈವತ್ತು ಗಜದ ಜಾಗ ಅದು. ಅದರೊಳಗೆ ಎರಡು ಕೋಣೆ, ಒಂದು ಪಡಸಾಲೆ, ಹಿಂದಕ್ಕೆ ಬಾಗಿಲಿರುವ ಅಡುಗೆಮನೆ. ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಗಿಡ್ಡ ಕಟ್ಟೆ ಬರೆದು, ಪಕ್ಕದಲ್ಲಿ ದುಂಡಗೆ ‘ರೊಟ್ಟಿ ಕಟ್ಟಿ’ ಎಂದು ಬರೆದಿದ್ದಳು.

ಆ ಕಟ್ಟೆಗೆ ಕಾರಣವಿತ್ತು. ಮೆಹದಿಪಟ್ಟಣಂನ ಒಂದು ಗಲ್ಲಿಯಲ್ಲಿ ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಮಾಲೀಕರ ಸಂಸಾರ ಕೆಳಗೆ. ಇವಳು ಬಸವಕಲ್ಯಾಣದ ಕಡೆಯವಳು. ಜೋಳದ ರೊಟ್ಟಿ ಬಡಿಯದ ದಿನ ಅವಳಿಗೆ ಅಡುಗೆ ಮಾಡಿದಂತೆಯೇ ಅನಿಸುತ್ತಿರಲಿಲ್ಲ. ಇವಳು ಬಡಿಯಲು ಕೂತರೆ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, ತೆಲುಗಿನಲ್ಲಿ, ತಲೆಯ ಮೇಲೆ ಡೋಲು ಬಾರಿಸಿದ ಹಾಗಾಗುತ್ತದೆ ಎಂದು ಹೇಳಿ ಹೋಗುತ್ತಿದ್ದರು. ಎರಡು ಸಲ ಹೇಳಿಸಿಕೊಂಡ ಮೇಲೆ ಇವಳು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ರೊಟ್ಟಿ ಬಡಿಯುವ ಮರದ ಕೊಣಮಿಗೆ ಇಟ್ಟು, ಸದ್ದಾಗದಂತೆ ಅಂಗೈ ಆಡಿಸುವುದನ್ನು ಕಲಿತಳು. ರೊಟ್ಟಿ ದಪ್ಪಗಾಗುತ್ತಿದ್ದವು. ನಾನು ಸುಮ್ಮನೆ ತಿನ್ನುತ್ತಿದ್ದೆ.

“ಒಂದು ದಿನಾರ ಯಾರ ಅಂಜಿಕಿ ಇಲ್ದ ರೊಟ್ಟಿ ಬಡೀಬೇಕ್ರಿ” ಎಂದು ಅವಳು ನನ್ನೊಬ್ಬನ ಮುಂದೆ ಮಾತ್ರ ಹೇಳಿದ್ದಳು.

ನನಗಾಗ ಇಪ್ಪತ್ತೇಳು, ಅವಳಿಗೆ ಇಪ್ಪತ್ತಮೂರು. ಮಾದಾಪುರದಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆಯೇನೋ ಅನ್ನಿಸುತ್ತಿದ್ದ ಕಾಲ. ಅಂಥದೊಂದರಲ್ಲಿ ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಒಂದು ಭಾನುವಾರ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಜಾಗ ತೋರಿಸಲು ಹೋದೆ. ಬಂಡೆ, ಮುಳ್ಳುಕಂಟಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಮೂಲೆಯಿಂದ ಮೂಲೆಗೆ ಹೆಜ್ಜೆ ಹಾಕಿ, ಒಂದು ಕಡೆ ನಿಂತು, “ಇಲ್ಲಿ ಅಡಿಗಿ ಮನಿ. ಮುಂಜಾನಿ ಬಿಸಿಲು ಇಲ್ಲೇ ಬೀಳತೈತಿ, ನೋಡ್ರಿ” ಎಂದಳು.

“ಈಗ ಯಾಕ ಅವಸರ? ಕಂಪನಿಯವರು ನನ್ನ ಹೊರದೇಶಕ್ಕ ಕಳಿಸ್ಬಹುದು. ಮನಿ ಕಟ್ಟಿದ್ರ ಕಾಲು ಕಟ್ಟಿ ಹಾಕಿದಂಗ” ಎಂದೆ.

“ಕಳಿಸಿದ್ರ ಹೋಗೋಣು. ಮನಿ ಏನು ಓಡಿ ಹೋಗತೈತೇನ್ರಿ? ವಯಸ್ಸು ಇದ್ದಾಗ ಕಟ್ಟಿದ್ರ ಗೋಡಿಗೆ ನೀರು ಹೊಡ್ಯಾಕ ನಮ್ಮ ಕೈಯಾಗ ಕಸುವು ಇರತೈತಿ.”

“ವಿಚಾರ ಮಾಡೋಣು” ಎಂದೆ. ನಿಜ ಹೇಳಬೇಕೆಂದರೆ ನನ್ನ ತಕರಾರು ಹೊರದೇಶದ್ದಾಗಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಈಜುಕೊಳ, ಲಿಫ್ಟು, ಗೇಟಿನಲ್ಲಿ ಕಾವಲುಗಾರನಿರುವ ಫ್ಲ್ಯಾಟುಗಳ ಮಾತಾಡುತ್ತಿದ್ದರು. ಅವರ ಮುಂದೆ ಎರಡು ಕೋಣೆಯ ಮನೆ, ರೊಟ್ಟಿಯ ಕಟ್ಟೆ ಎಂದು ಹೇಳುವುದು ಹೇಗೆ ಎಂಬ ಹಿಂಜರಿಕೆಯೇ ನನ್ನೊಳಗೆ ಇದ್ದದ್ದು.

ಆದರೂ ಒಂದು ಸೋಮವಾರ ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. “ಆಫೀಸಿನಾಗ ತಿಳಿದವರು ಅದಾರ, ತೋರಿಸ್ತೀನಿ” ಎಂದು ಅವಳಿಗೆ ಹೇಳಿದೆ. ಅವಳು ಹಾಳೆಯ ಅಂಚು ಸುಕ್ಕಾಗದಂತೆ ಒಂದು ಪ್ಲಾಸ್ಟಿಕ್ ಚೀಲ ಹುಡುಕಿ ಕೊಟ್ಟಳು.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಟೀಮ್ ಲೀಡ್ ತಾನು ಕಾಯ್ದಿರಿಸಿದ ಫ್ಲ್ಯಾಟಿನ ಬಣ್ಣದ ಪುಸ್ತಿಕೆಯನ್ನು ಮೇಜಿನ ಮೇಲೆ ಹರಡಿದ್ದ. ಕೈಯಿಂದ ಕೈಗೆ ಹೋಗಿ ಅದು ನನ್ನ ಹತ್ತಿರ ಬಂದಾಗ, “ನಿನ್ನದೇನು ಯೋಚನೆ?” ಎಂದು ಕೇಳಿದ. ಎಲ್ಲರೂ ನನ್ನತ್ತ ನೋಡಿದರು. ಅವರು ನಗುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅವರಿಗಿಂತ ಮೊದಲು ನಾನೇ ನಗುವುದು ಕ್ಷೇಮ ಎಂದು ಆ ಗಳಿಗೆಯಲ್ಲಿ ತೋಚಿತು. ಹಾಳೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿ, “ನಮ್ಮ ಮನೆಯ ಇಂಜಿನಿಯರಮ್ಮನ ನಕ್ಷೆ ನೋಡಿ. ಅಳತೆ ಏನು ಗೊತ್ತಾ? ಒಂದು ಬೆಂಕಿಕಡ್ಡಿಗೆ ಒಬ್ಬ ಗಂಡ” ಎಂದೆ.

ಮೇಜಿಗೆ ಮೇಜೇ ನಕ್ಕಿತು. ನಾನು ಆ ಆಫೀಸು ಸೇರಿದ ಮೇಲೆ ಅಷ್ಟು ಜನ ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಅದರ ರುಚಿ ಹತ್ತಿತು. ಕನ್ನಡ ಬಾರದವರಿಗೆ ಒಂದೊಂದೇ ಪದ ಓದಿ ಅರ್ಥ ಹೇಳಿದೆ. ರೊಟ್ಟಿ, ಕೆಳಗಿನ ಮನೆಯಾಕೆ, ಕಂಬಳಿ ಎಲ್ಲವನ್ನೂ ಹೇಳಿದೆ. ಟೀಮ್ ಲೀಡ್ ಅದರ ಝೆರಾಕ್ಸ್ ತೆಗೆದು ಚಹಾದ ಯಂತ್ರದ ಪಕ್ಕದ ಬೋರ್ಡಿಗೆ ಚುಚ್ಚಿದ. ಹೋಗುತ್ತ ಬರುತ್ತ ಒಬ್ಬೊಬ್ಬರು ಪೆನ್ನಿನಿಂದ ಏನೇನೋ ಬರೆದರು. ಅಂಗಳದಲ್ಲಿ ಒಬ್ಬರು ಹೆಲಿಕಾಪ್ಟರ್ ಬರೆದರು. ರೊಟ್ಟಿ ಕಟ್ಟೆಯ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಡ್ರಮ್ ರೂಮ್’ ಎಂದು ಬರೆದವನು ನಾನು.

ಸಂಜೆ ಮೂಲ ಹಾಳೆಯನ್ನು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದೆ. “ಏನಂದ್ರು?” ಎಂದು ಬಾಗಿಲಲ್ಲೇ ಕೇಳಿದಳು.

“ಚಲೋ ಐತಿ ಅಂದ್ರು. ಎಲ್ಲಾರೂ ನೋಡಿದ್ರು” ಎಂದೆ.

ಒಂದು ತಿಂಗಳ ಮೇಲೆ ಕಂಪನಿಯಲ್ಲಿ ಮನೆಯವರನ್ನೆಲ್ಲ ಕರೆತರುವ ದಿನ ಬಂತು. ಬೋರ್ಡಿನ ಹಾಳೆ ನನಗೆ ಮರೆತೇ ಹೋಗಿತ್ತು. ದಿನವೂ ಅದರ ಮುಂದೆಯೇ ಚಹಾ ಕುಡಿಯುತ್ತಿದ್ದವನಿಗೆ ಮರೆತಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಅವಳು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕಟ್ಟಡದ ಎತ್ತರ, ತಾನೇ ತೆರೆಯುವ ಬಾಗಿಲು, ತಣ್ಣನೆಯ ಗಾಳಿ ಎಲ್ಲದಕ್ಕೂ ಅಚ್ಚರಿಪಡುತ್ತ ನಡೆಯುತ್ತಿದ್ದವಳು ಚಹಾದ ಯಂತ್ರದ ಹತ್ತಿರ ತಟ್ಟನೆ ನಿಂತಳು.

“ಅಯ್ಯ, ಇದು ನಂದ ಐತಲ್ರಿ!”

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ತನ್ನ ಕೆಲಸ ಮೆಚ್ಚಿ ಗೋಡೆಗೆ ಹಾಕಿದ್ದಾರೆ ಎಂದು ಅವಳು ತಿಳಿದಿದ್ದಳು. ಅಲ್ಲೇ ನಿಂತಿದ್ದ ನನ್ನ ಸಹೋದ್ಯೋಗಿ ಹುಡುಗಿಯೊಬ್ಬಳು, “ಭಾಭೀಜಿ, ಯೇ ಆಪ್ನೇ ಬನಾಯಾ?” ಎಂದಳು, ಇದನ್ನು ಬರೆದದ್ದು ನೀವೇನಾ ಎಂದು. ಅಷ್ಟು ಸಾಕಾಯಿತು. ನನ್ನ ಹೆಂಡತಿ ತನ್ನ ಊರಿನ ಹಿಂದಿಯಲ್ಲಿ, ಬೆರಳಿಟ್ಟು ತೋರಿಸುತ್ತ, ಬಿಸಿಲು ಯಾವ ಕಡೆಯಿಂದ ಬರುತ್ತದೆ, ಹಿಂದಿನ ಬಾಗಿಲಿನಿಂದ ಗಾಳಿ ಹೇಗೆ ಆಡುತ್ತದೆ, ಮುಂದೆ ಮಹಡಿ ಏರಿಸಬೇಕಾದರೆ ಮೆಟ್ಟಿಲು ಎಲ್ಲಿ ಬರಬೇಕು ಎಂದು ವಿವರಿಸತೊಡಗಿದಳು. ನಾಲ್ಕೈದು ಜನ ಸೇರಿದರು. ಯಾರೂ ನಗಲಿಲ್ಲ. ಟೀಮ್ ಲೀಡ್ ಕೈಯಲ್ಲಿದ್ದ ಲೋಟದೊಳಗೆ ನೋಡುತ್ತ ನಿಂತ. ಆ ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ಈಗಲೂ ನೆನಸಿಕೊಳ್ಳಲಾರೆ.

ಆಗಲಾದರೂ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಮುಗಿಸಿ, “ಇದನ್ನ ಮನಿಗೆ ಒಯ್ಲೇನ್ರಿ?” ಎಂದು ಕೇಳಿದಾಗ ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಆ ಹುಡುಗಿಯೇ ಪಿನ್ನು ಕಿತ್ತು ಕೊಟ್ಟಳು.

ಆ ದಿನ ಸ್ಕೂಟರು ತಂದಿರಲಿಲ್ಲ. ಮೆಹದಿಪಟ್ಟಣಂಗೆ ಹೊರಟ ಬಸ್ಸು ತುಂಬಿತ್ತು. ಅವಳಿಗೆ ಮುಂದೆ ಹೆಂಗಸರ ಕಡೆ ಸೀಟು ಸಿಕ್ಕಿತು, ನಾನು ಹಿಂದೆ ಸರಳು ಹಿಡಿದು ನಿಂತೆ. ನಡುವೆ ಇಪ್ಪತ್ತು ಮೂವತ್ತು ತಲೆಗಳು. ಅವಳು ತೊಡೆಯ ಮೇಲೆ ಹಾಳೆ ಬಿಡಿಸಿದ್ದು ಕಾಣಿಸಿತು. ಪಿಯುಸಿ ಓದಿದವಳು, ಇಂಗ್ಲಿಷನ್ನು ನಿಧಾನವಾಗಿ, ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಸರಿಯುತ್ತಿತ್ತು. ಟೋಲಿಚೌಕಿ ಬರುವ ಹೊತ್ತಿಗೆ ಬೆರಳು ನಿಂತಿತ್ತು. ಮೊದಲು ಬಾಗಿದ್ದ ತಲೆ ಆಮೇಲೆ ಕಿಟಕಿಯ ಕಡೆ ತಿರುಗಿತು. ಬಸ್ಸು ಇನ್ನಷ್ಟು ನಿಧಾನವಾಗಿ ಹೋಗಲಿ, ನಿಲ್ದಾಣ ಬಾರದೇ ಇರಲಿ ಎಂದು ನಾನು ಹಾರೈಸುತ್ತಿದ್ದೆ.

ಇಳಿದ ಮೇಲೆ ಗಲ್ಲಿಯವರೆಗೂ ಅವಳು ನನಗಿಂತ ಮುಂದೆ ನಡೆದಳು. ಮೆಟ್ಟಿಲ ಕೆಳಗೆ ನಿಂತು ಹಾಳೆ ನನ್ನ ಕೈಗೆ ಕೊಟ್ಟಳು.

“ಉಳಿದವರು ಬರದದ್ದು ಹೋಗ್ಲಿ ಬಿಡ್ರಿ. ಅವರಿಗೆ ನಾ ಯಾರು? ಈ ಅಕ್ಷರ ನಿಮ್ದ ಅಲ್ಲೇನು? ಇಂಗ್ಲಿಷಿನ ‘ಎಮ್’ ಅಕ್ಷರಕ್ಕ ಹಿಂಗ ಬಾಲ ಎಳೆಯೋರು ನೀವ.”

“ಹೌದು” ಎಂದೆ. ಅಷ್ಟೇ ಹೇಳಿದೆ. ಅವಳು ಮೇಲೆ ಹೋಗಿ ಸೀರೆ ಬದಲಿಸಿ, ಕಂಬಳಿ ಮಡಚಿ, ರೊಟ್ಟಿಗೆ ಕೂತಳು.

ಜಗಳವಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಎಂದಿನಂತೆ ಊಟಕ್ಕೆ ಬಡಿಸಿದಳು, ಎಂದಿನಂತೆ ಆಫೀಸಿಗೆ ಡಬ್ಬಿ ಕಟ್ಟಿದಳು. ಮನೆಯ ಮಾತು ಮಾತ್ರ ನಿಂತುಹೋಯಿತು. ಹತ್ತು ಹದಿನೈದು ದಿನ ತಡೆದು ನಾನೇ ಎತ್ತಿದೆ. “ಕಟ್ಟೋಣು. ನೀ ಬರದಂಗನ ಕಟ್ಟೋಣು. ಈ ಯುಗಾದಿಗೆ ಶುರು ಮಾಡೋಣು” ಎಂದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ.

“ಬ್ಯಾಡ” ಎಂದಳು.

“ಯಾಕ?”

“ನಿಮಗ ಮನಿ ಬೇಕಾಗಿಲ್ಲ. ನಾಚಿಕಿ ಆಗೈತಿ, ಅದನ್ನ ಮುಚ್ಚಾಕ ನಾಲ್ಕು ಗೋಡಿ ಬೇಕಾಗ್ಯಾವ. ನಾಚಿಕಿಗೆ ಮನಿ ಕಟ್ಟಬ್ಯಾಡ್ರಿ.”

ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥ ಒಂದು ಅಕ್ಷರವೂ ಇರಲಿಲ್ಲ.

ನಮ್ಮ ಬಾಡಿಗೆ ಮನೆಯ ಪಕ್ಕದ ಜಾಗದಲ್ಲಿ ಆಗ ಮನೆಯೊಂದು ಏಳುತ್ತಿತ್ತು. ಅಲ್ಲಿಯ ಗೌಂಡಿ ಯಾದಗಿರಿಯ ಕಡೆಯವರು, ಐವತ್ತು ದಾಟಿದ ಮನುಷ್ಯ. ಹೆಂಡತಿಯೊಡನೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ನನ್ನ ಹೆಂಡತಿ ಮಾಳಿಗೆಯ ಮೇಲೆ ನಿಂತು ಅವರೊಂದಿಗೆ ಮಾತಾಡುವುದನ್ನು ನೋಡಿದ್ದೆ. ಊರ ಕಡೆಯ ಮಾತು ಕೇಳಲು ಆಸೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಾನು ಸ್ಕೂಟರು ಹೊರಡಿಸುವಾಗ ಅವರೇ ಹತ್ತಿರ ಬಂದರು.

“ಸಾಹೇಬ್ರ, ಅಕ್ಕಾರು ಮನಿ ಕೆಲಸ ಯಾವಾಗ ಹಿಡಿಸ್ತಾರ್ರಿ? ಭಾಳ ದಿನಾ ಆತು, ಏನೂ ಕೇಳವಲ್ರು.”

“ಏನು ಕೇಳ್ತಿದ್ಲು?” ಎಂದೆ.

“ಎಲ್ಲಾನೂ ಕೇಳೋರ್ರಿ. ಹೊರಗಿನ ಗೋಡಿ ಎಷ್ಟು ದಪ್ಪ ಇಡ್ತೀರಿ, ಮೆಟ್ಟಿಲಿಗೆ ಎಷ್ಟು ಜಾಗ ಬೇಕು, ಬಚ್ಚಲ ನೀರು ಎಲ್ಲಿಗೆ ಬಿಡಬೇಕು. ಗೋಡಿ ಒಂಬತ್ತು ಇಂಚು ಅಂದೆ. ಆ ದಪ್ಪ ಲೆಕ್ಕಕ್ಕ ಹಿಡದಿಲ್ಲ ಅಂತ ಇಡೀ ನಕ್ಷಿ ಅಳಿಸಿ ಮತ್ತ ಬರದ್ರು. ನಾಲ್ಕು ಸರ್ತಿ ಬರದಾರ್ರಿ. ನಾನೂ ಭಾಳ ಮಂದಿ ಇಂಜಿನಿಯರ್‌ ಕೈಯಾಗ ದುಡದೀನಿ. ಅಕ್ಕಾರ ನಕ್ಷಿ ಕೈಯಾಗ ಕೊಟ್ರ ನಾಳೆ ಬುನಾದಿ ತೋಡ್ತೀನಿ, ಒಂದು ಗೆರಿ ತಿದ್ದಾಂಗಿಲ್ಲ.”

ಅವರು ನನಗೆ ಸಂತೋಷವಾಗಲಿ ಎಂದು ಹೇಳಿದ್ದು. ನಾನು ಆ ದಿನ ಮಾದಾಪುರದವರೆಗೆ ಹೇಗೆ ಗಾಡಿ ಓಡಿಸಿದೆನೋ ತಿಳಿಯದು. ಅದು ಅವಳ ಮೊದಲ ಗೀಚಾಟ ಎಂದು ತಿಳಿದು ನಕ್ಕಿದ್ದೆ. ಅದು ನಾಲ್ಕನೆಯ ನಕ್ಷೆಯಾಗಿತ್ತು. ಅದಕ್ಕಿಂತ ಮೊದಲಿನ ಮೂರನ್ನು ಬರೆಯುವಾಗಲೂ ನಾನು ಅವಳೊಂದಿಗೆ ಅದೇ ಬಾಡಿಗೆ ಮನೆಯಲ್ಲಿ ಇದ್ದೆ.

ಸಹೋದ್ಯೋಗಿಗಳಿಗೆ ಏನಾದರೂ ಹೇಳಬೇಕು ಎಂದು ಎಷ್ಟೋ ಸಲ ಚಹಾದ ಹೊತ್ತಿನಲ್ಲಿ ಬಾಯಿ ತೆರೆದೆ. ಕ್ರಿಕೆಟ್ ಮಾತಾಡಿ ಮುಗಿಸಿದೆ.

ಒಂದು ವರ್ಷ ಕಳೆದ ಮೇಲೆ ಮನೆಯ ಮಾತು ಮತ್ತೆ ಬಂದದ್ದು ಅವಳಿಂದ. “ಗೌಂಡಿ ಅಣ್ಣಾರ ಕೈ ಖಾಲಿ ಐತಂತ. ಈಗ ನನಗ ಕಟ್ಟಬೇಕು ಅನಸ್ತೈತಿ. ನಿಮಗ?” ಎಂದಳು. ಆ ವರ್ಷವಿಡೀ ನಾನು ಫ್ಲ್ಯಾಟುಗಳನ್ನು ನೋಡಿ ಬಂದವರ ಮಾತು ಕೇಳಿದ್ದೆ, ಹೊರದೇಶದ ಆಸೆಯನ್ನೂ ಇಟ್ಟುಕೊಂಡಿದ್ದೆ. ಆದರೂ ಆ ಬರಡು ಜಾಗದಲ್ಲಿ ಅವಳು ಬರಿಗಾಲಲ್ಲಿ ನಡೆದದ್ದು ಮನಸ್ಸಿನಿಂದ ಹೋಗಿರಲಿಲ್ಲ. “ನನಗೂ ಬೇಕು” ಎಂದೆ. ನಾನು ನಿಜ ಹೇಳುತ್ತಿದ್ದೇನೋ ಇಲ್ಲವೋ ಎಂದು ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು.

ಮನೆ ಎದ್ದಿತು. ದಿನದ ಮಾತೆಲ್ಲ ಅವಳದು ಮತ್ತು ಗೌಂಡಿಯವರದು. ನಾನು ರಜೆಯ ದಿನಗಳಲ್ಲಿ ಹೋಗಿ ಗೋಡೆಗೆ ನೀರು ಹೊಡೆದೆ. ಹೊಸ ಮನೆಯಲ್ಲಿ ರೊಟ್ಟಿಯ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಬಂದವರೆಲ್ಲ ಮನೆ ತಂಪಾಗಿದೆ ಎಂದರು. ನಾನು ಹೊರದೇಶಕ್ಕೆ ಹೋಗಲಿಲ್ಲ. ಕರೆ ಬರಲೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸರಿಹೋಯಿತು ಎಂದು ಅನ್ನಿಸೀತು. ಹಾಗಾಗಲಿಲ್ಲ. ಆ ಮನೆಗೆ ಬಂದು ಮೂರನೆಯ ವರ್ಷ ಅಂಚೆಯವನು ನನ್ನ ಕೈಗೆ ಒಂದು ಲಕೋಟೆ ಕೊಟ್ಟ. ಒಡೆದು ನೋಡಿದರೆ ಬಿ.ಎ. ಪರೀಕ್ಷೆಯ ಹಾಲ್ ಟಿಕೆಟು, ಮೇಲೆ ಅವಳ ಫೋಟೊ. ಮನೆಯಲ್ಲೇ ಓದಿ ಬರೆಯುವ ಪದವಿ. ಎರಡನೆಯ ವರ್ಷದ್ದು. ಮೊದಲ ವರ್ಷ ಬರೆದು ಪಾಸಾಗಿದ್ದಾಳೆ, ನನಗೆ ಗೊತ್ತಿಲ್ಲ.

“ನನಗ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

ಅವಳು ಹಾಲ್ ಟಿಕೆಟನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. “ಪೂರಾ ಆದ ಮ್ಯಾಲ ಹೇಳೋಣು ಅಂದ್ಕೊಂಡಿದ್ದೆ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಪರೀಕ್ಷೆಯ ದಿನ ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಕಾಲೇಜಿನ ಗೇಟಿನಲ್ಲಿ ಇಳಿದವಳು, “ನೀವು ಹೋಗ್ರಿ, ಮೂರು ತಾಸು ಆಗತೈತಿ” ಎಂದಳು. ನಾನು ಹೋಗಲಿಲ್ಲ. ಎದುರಿನ ಬೇವಿನ ನೆರಳಲ್ಲಿ ಸ್ಕೂಟರು ನಿಲ್ಲಿಸಿ ಕೂತೆ. ಹೊರಗೆ ಬಂದವಳನ್ನು ಪರೀಕ್ಷೆ ಹೇಗಾಯಿತೆಂದು ಕೇಳಬೇಕು ಅನಿಸಿತು. ಅವಳಾಗಿ ಹೇಳುವವರೆಗೆ ಕಾಯಬೇಕು ಎಂದೂ ಅನಿಸಿತು. ಲಿಂಗಂಪಲ್ಲಿ ದಾಟಿದ ಮೇಲೆ, ನನ್ನ ಬೆನ್ನ ಹಿಂದಿನಿಂದ, “ಒಂದು ಪ್ರಶ್ನೆ ಬಿಟ್ಟೆ” ಎಂದಳು.