ಐವತ್ತೆರಡು ದಿನಗಳ ಹೊರತು

ಬೆಳೆದ ಮಕ್ಕಳು ತಂದೆತಾಯಿಯ ಮನೆಯಲ್ಲೇ ಉಳಿಯುವುದರ ಹಿಂದೆ ಮಮತೆ, ಸಂಸ್ಕಾರ ಮುಂತಾದ ಘನವಾದ ಕಾರಣಗಳಿರುತ್ತವೆಂದು ತಿಳಿದವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಕಾರಣ, ದೆಹಲಿಯ ಎರಡು ಕೋಣೆಯ ಒಂದು ಸರ್ಕಾರಿ ಕ್ವಾರ್ಟರ್ಸು.

ಅಪ್ಪನ ಬನಿಯನ್ನಿಗೂ ಜೇಬಿತ್ತು. ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಮದುವೆಯ ಕರೆಯೋಲೆ ಬಂದರೂ ಮೊದಲು ತಪ್ಪು ತಿದ್ದಿ ಆಮೇಲೆ ಸಂತೋಷಪಡುತ್ತಿದ್ದರು. ಕೇಂದ್ರ ಸರ್ಕಾರದ ಕಡತಗಳಲ್ಲಿ ಆಯುಷ್ಯ ಸವೆಸಿದ ಮನುಷ್ಯ. ನಾನೂ ಇನ್ನೊಂದು ಇಲಾಖೆಯಲ್ಲಿ ಗುಮಾಸ್ತ. ಅಪ್ಪನ ನಿವೃತ್ತಿಗೆ ಮುಂಚಿನ ಮೂರು ವರ್ಷ ನಾನು ಅವರೊಂದಿಗೇ ವಾಸವಿದ್ದರೆ ಮನೆ ನನ್ನ ಹೆಸರಿಗಾಗುತ್ತದೆ. ಇಲ್ಲವಾದರೆ ಅಮ್ಮ ತಾನು ನೆಟ್ಟ ಕರಿಬೇವಿನ ಮರವನ್ನೂ ಬಿಟ್ಟು ಹೊರಡಬೇಕು. ಇದು ನಿಯಮ.

ಹಾಗಾಗಿ ಇದ್ದೆ. ಬೆಳಿಗ್ಗೆ ಐದಕ್ಕೆ ನಲ್ಲಿ ಕೆಮ್ಮಿದೊಡನೆ ಅಪ್ಪ ನಾನು ಹೊದ್ದ ರಜಾಯಿ ಎಳೆಯುವರು.

"ಚಲೋ ಚಲೋ, ಏಳೋ! ಬಕೆಟ್ ಹಿಡಿ. ನೀರು ನಿನಗೋಸ್ಕರ ಕಾಯಲ್ಲ."

ಸಂಜೆ ಎಂಟು ನಿಮಿಷ ತಡವಾದರೆ ಕಾರಣ ಕೇಳುವರು. ಲಿಖಿತವಾಗಿ ಕೇಳುತ್ತಿರಲಿಲ್ಲ ಎಂಬುದಷ್ಟೇ ಸಮಾಧಾನ. ನನಗಾಗ ಇಪ್ಪತ್ತೊಂಬತ್ತು.

ಎರಡನೆಯ ವರ್ಷ, ಒಬ್ಬಳಿಗೆಂದು ಇಂಗ್ಲಿಷಿನಲ್ಲಿ ಬರೆದಿಟ್ಟ ಪತ್ರ ಅಪ್ಪನ ಕೈಗೆ ಸಿಕ್ಕಿತು. ಓದಿದ್ದನ್ನು ಕ್ಷಮಿಸಬಹುದಿತ್ತು. ತಿದ್ದಿದ್ದರು. ಅಂಚಿನಲ್ಲಿ ಕೆಂಪಕ್ಷರದ ಷರಾ: 'ಪುನರುಕ್ತಿ.' (ಆಕೆ ಬೇರೊಬ್ಬನನ್ನು ಮದುವೆಯಾದಳು; ಅದು ತಿದ್ದುಪಡಿಯ ದೋಷವಲ್ಲ.) ಅಂದೇ ಚೀಲ ಹೊತ್ತು ನೋಯ್ಡಾದ ಗೆಳೆಯನ ರೂಮಿಗೆ ಹೋದೆ.

ಕೊನೆಗೆ ಅಮ್ಮ ಹುಳಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. "ಸಾಕು ಬಾರೋ. ಬಯ್ಯೋಕೆ ನೀನಿಲ್ಲ ಅಂತ ನನ್ನನ್ನೇ ಹಿಡ್ಕೊಂಡಿದಾರೆ." ಹಿಂತಿರುಗಿದೆ.

ನಿವೃತ್ತಿ ಹತ್ತಿರ ಬಂತು. ಮಗ ಮೂರು ವರ್ಷ ಸತತವಾಗಿ ಜೊತೆಗಿದ್ದನೆಂದು ಅಪ್ಪ ಬರೆದು ಸಹಿ ಹಾಕಬೇಕು. ಪೆನ್ನು ಹಿಡಿದು ಕುಳಿತೇ ಇದ್ದರು.

"ಹಾಕ್ರೀ ಅತ್ಲಾಗೆ," ಎಂದಳು ಅಮ್ಮ. "ಅವನು ಐವತ್ತೆರಡು ದಿನ ಇರಲಿಲ್ಲ ಅಂತ ಯಾರಿಗ್ರೀ ಗೊತ್ತು?"

"ನನಗೆ ಗೊತ್ತಲ್ಲ!"

ನಾನು ಬಾಗಿಲು ದಢಾರನೆ ಹಾಕಿಕೊಂಡೆ. ಮರುದಿನ ಕಚೇರಿಗೆ ಹೋಗುವ ಕಾಗದ ಓದಿದೆ: "ನನ್ನ ಮಗ ಮೂರು ವರ್ಷ ನನ್ನೊಂದಿಗೆ ವಾಸವಿದ್ದಾನೆ, ಐವತ್ತೆರಡು ದಿನಗಳ ಹೊರತು. ಆ ದಿನಗಳಲ್ಲಿ ಅವನು ಹೊರಗಿದ್ದುದು ನನ್ನ ತಪ್ಪಿನಿಂದ."

ಅಪ್ಪ ನನ್ನಲ್ಲಿ ಕೇಳಿದ ಒಂದೇ ಒಂದು ಕ್ಷಮೆ ಅದು. ಅದೂ ಸರ್ಕಾರದ ಮುಖಾಂತರ, ಮೂರು ಪ್ರತಿಗಳಲ್ಲಿ.

ಅರ್ಜಿ ತಿರಸ್ಕೃತವಾಯಿತು. ನಾನು ನೋಯ್ಡಾದಲ್ಲಿ ಬಾಡಿಗೆಗೆ ಹಿಡಿದ ಮನೆಗೆ ಮೂವರೂ ಹೋದೆವು. ಅಲ್ಲಿ ದಿನವಿಡೀ ನೀರು ಬರುತ್ತಿತ್ತು. ಅಪ್ಪ ಆರು ವರ್ಷ ನನ್ನನ್ನು ಐದಕ್ಕೇ ಎಬ್ಬಿಸಿ, ಅಲ್ಲಿಯೇ ತೀರಿಕೊಂಡರು.