ಬಿಸ್ಕತ್ತಿನ ಡಬ್ಬಿಯ ಅರಮನೆ

ನಮ್ಮ ಮನೆಯಲ್ಲಿ ಮೆಂತ್ಯ ತುಂಬಿಡುತ್ತಿದ್ದ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರ ಮುಚ್ಚಳದ ಮೇಲೆ ಯಾವುದೋ ವಿಲಾಯಿತಿ ಪಟ್ಟಣದ ಅರಮನೆಯ ಚಿತ್ರ. ಎಪ್ಪತ್ತರ ದಶಕದಲ್ಲಿ, ದುರ್ಗದ ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ನಾನು, ಯುರೋಪಿನ ದೊರೆಗಳ ಈ ಆಡಂಬರದ ಕಟ್ಟಡ ಶೈಲಿಗೆ ‘ಬರೋಕ್’ ಎನ್ನುತ್ತಾರೆಂದು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. “ಬರೋಕೆ ಆತು, ಹೋಗೋಕೆ ಬಾಗ್ಲು ಎಲ್ಲೈತಲೇ?” ಎಂದು ನಕ್ಕ ಅಪ್ಪ, ಜವನಗೊಂಡನಹಳ್ಳಿಯ ನಮ್ಮ ಮನೆಯ ಮುಂಭಾಗವನ್ನು ಆ ಮುಚ್ಚಳದಂತೆಯೇ ಕಟ್ಟಿಸಲು ಹೊಳಲ್ಕೆರೆಯ ಗಾರೆ ಕೆಲಸದ ಹನುಮಂತಪ್ಪನನ್ನು ಕರೆಸಿಯೇಬಿಟ್ಟ.

ಓದುಗ ಮಿತ್ರರೇ, ದುರ್ಗದ ಕೋಟೆಯ ದಾರಿ ಬಾಗಿಲು ಬಾಗಿಲಿಗೂ ತಿರುಗುವುದು ವೈರಿಯ ಆನೆ ಓಡಿಬಂದು ಗುದ್ದದಿರಲೆಂದು. ಬರೋಕ್ ಅರಮನೆಯ ಗೋಡೆ ಬಳುಕುವುದು, ಮೆಟ್ಟಿಲುಗಳು ಎರಡು ತೋಳಾಗಿ ಚಾಚುವುದು, ಬಂದ ಅತಿಥಿ ಕೆಳಗೆ ನಿಂತು ತಾನೆಷ್ಟು ಚಿಕ್ಕವನೆಂದು ತಿಳಿಯಲೆಂದು. ಹನುಮಂತಪ್ಪ ಇದೊಂದನ್ನೂ ಓದಿರಲಿಲ್ಲ. ಚಿತ್ರದಲ್ಲಿ ಕಂಬಗಳ ಪಕ್ಕ ಬಿದ್ದಿದ್ದ ನೆರಳನ್ನೂ ಕಟ್ಟಡದ ಭಾಗವೆಂದೇ ತಿಳಿದು ಮಸಿ ಕಲಸಿ ಬಳಿದುಬಿಟ್ಟ. ಸಂಜೆಯಾದರೂ ನಮ್ಮ ಮನೆಗೆ ಬೆಳಗಿನ ನೆರಳೇ! ಆ ವೈಭವದ ಹಿಂದೆ ಅದೇ ಹಳೆಯ ಮಣ್ಣಿನ ಮಾಳಿಗೆ, ಅದೇ ಕುರಿದೊಡ್ಡಿ.

ಕೆಲಸ ಮುಗಿಯುವ ಮೊದಲೇ ಹೊಸದುರ್ಗದ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬಂದರು. ಆ ಹುಡುಗಿಯನ್ನು ನಾನು ಯಾರದೋ ಮದುವೆಯಲ್ಲಿ ನೋಡಿ, ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಅವಳ ತಂದೆ, ಬರೋಕ್ ದೊರೆಗಳು ಬಯಸಿದಂತೆಯೇ, ಮೆಟ್ಟಿಲ ಕೆಳಗೆ ನಿಂತು ಕುಗ್ಗಿಹೋದರು. “ಬರ್ರಿ, ಕುಂತ್ಕಳ್ರಿ” ಎಂದು ಅಪ್ಪ ಕರೆದರೆ, “ನಮ್ದು ಎರಡಂಕಣದ ಮನೆ ಕಣ್ರಿ, ಇಂಥ ಅರಮನೆಗೆ ನಮ್ ಕೂಸು ಹೊಂದಲ್ಲ” ಎಂದವರೇ ತಮ್ಮವರತ್ತ ತಿರುಗಿ, “ಹೋಗಾಣ ನಡೀರಿ” ಎಂದರು. ವಾಸ್ತುಶಿಲ್ಪದ ಮೇಲೆ ಅಷ್ಟು ಸಿಟ್ಟು ನನಗೆ ಆಮೇಲೆಂದೂ ಬಂದಿಲ್ಲ.

ಹೊರಟ ಹುಡುಗಿಯ ತಂದೆ ಯಾಕೋ ಕತ್ತೆತ್ತಿ, ಡಬ್ಬಿಯ ಚಿತ್ರದಲ್ಲಿದ್ದಂತೆ ಕಮಾನಿನ ಮೇಲೆ ಕೂರಿಸಿದ್ದ ಗಾರೆಯ ಮಕ್ಕಳ ಬೊಂಬೆಗಳನ್ನು ನೋಡಿ ನಿಂತರು. “ಏನಪ್ಪ, ಆ ಕೂಸ್ಗಳ ಹೆಗಲ ಮ್ಯಾಲಿರೋದೇನು?”

“ಕಂಬ್ಳಿ ರೀ” ಎಂದ, ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತಿದ್ದ ಹನುಮಂತಪ್ಪ. “ಡಬ್ಬಿ ಮ್ಯಾಲೆ ರೆಕ್ಕೆ ಇದ್ದಂಗೆ ಕಾಣ್ತಿತ್ತು. ಕೂಸಿಗೆ ಎಲ್ಲಾನ ರೆಕ್ಕೆ ಇರ್ತಾವಾ? ಪಾಪ, ಬರಿಮೈಲಿ ಅವೆ ಅಂತ ಕಂಬ್ಳಿ ಹೊದಿಸ್ದೆ.”

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತುತ್ತ ಹೆಂಡತಿಗೆ ಹೇಳಿದರು:

“ಬಾರೇ. ಗಾರೆ ಕೂಸಿಗೇ ಕಂಬ್ಳಿ ಹೊದಿಸೋ ಮನೆ ಇದು. ನಮ್ ಕೂಸನ್ನ ಚಳೀಲಿ ಬಿಡ್ತಾರಾ?”